ಏಳು ಗಂಟೆಯ ಮೌನವನ್ನು ಹಿಂದಿರುಗಿಸಿ

ಮಾನ್ಯ ಸಭಾ ಮಂಡಳಿಯ ಅಧ್ಯಕ್ಷರೇ,

ನಮ್ಮ ಚರ್ಚಿನ ಮೂರು ಆರಾಧನೆಗಳನ್ನು ಸೇರಿಸಿ ತಾವು ಒಂದು ಮಾಡಿದ್ದೀರಿ. ಆ ಒಂದರೊಳಗೆ ನನ್ನ ಅಪ್ಪನಿಗೆ ಜಾಗವಿಲ್ಲ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಗೇ ಬಂದು ಹೇಳಿದೆ, ತಾವು ತಲೆಯಾಡಿಸಿದಿರಿ. ತಲೆಯಾಡಿಸುವುದೆಲ್ಲ ಒಪ್ಪಿಗೆಯಲ್ಲ ಎಂಬುದು ತಡವಾಗಿ ಅರ್ಥವಾಯಿತು. ಹಾಗಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು ಆರಾಧನೆ ನಡೆಯುತ್ತಿತ್ತು. ಅದರಲ್ಲಿ ಹಾಡಿಲ್ಲ, ಮೈಕಿಲ್ಲ. ಸಭಾಪಾಲಕರು ಸತ್ಯವೇದದ ಒಂದು ಭಾಗವನ್ನು ಓದಿ ಕುಳಿತುಬಿಡುತ್ತಿದ್ದರು. ಆಮೇಲೆ ಯಾರಾದರೂ ಕೆಮ್ಮಿದರೆ ಅದೇ ದೊಡ್ಡ ಸುದ್ದಿ. ಒಬ್ಬರಿಗೊಬ್ಬರು ‘ಸಮಾಧಾನವಿರಲಿ’ ಎಂದು ಹಾರೈಸುವಾಗಲೂ ಕೈಕುಲುಕುತ್ತಿರಲಿಲ್ಲ, ಪಕ್ಕದವರನ್ನು ನೋಡಿ ತಲೆ ಬಾಗಿಸುತ್ತಿದ್ದರು. ಒಂಬತ್ತಕ್ಕೆ ಆರ್ಗನ್, ನಿಲುವಂಗಿ ತೊಟ್ಟ ಕ್ವಯರ್, ಹಳೆಯ ಕೀರ್ತನೆಗಳು. ಅದು ನನ್ನದು. ಸಂಜೆ ಐದಕ್ಕೆ ಗಿಟಾರ್, ಚಪ್ಪಾಳೆ, ಡ್ರಮ್. ಅಲ್ಲಿ ಡ್ರಮ್ ಬಾರಿಸುವವಳು ನನ್ನ ಮಗಳು.

‘ಒಂದೇ ಕುಟುಂಬ, ಒಂದೇ ಆರಾಧನೆ’ ಎಂದು ಘೋಷಿಸಿದಿರಿ. ತಮ್ಮ ಮನೆಯಲ್ಲಿ ಎಲ್ಲರೂ ಒಂದೇ ಅಳತೆಯ ಚಪ್ಪಲಿ ಹಾಕುತ್ತಾರೆಯೇ? ನಮ್ಮದೂ ಕುಟುಂಬವೇ. ಮೂವರೂ ಬೇರೆ ಬೇರೆ ಹೊತ್ತಿಗೆ ಚರ್ಚಿಗೆ ಹೋಗಿ, ರಾತ್ರಿ ಊಟಕ್ಕೆ ಒಟ್ಟಿಗೆ ಕೂತು ಒಬ್ಬರ ಕಾಲನ್ನೊಬ್ಬರು ಎಳೆಯುತ್ತಿದ್ದೆವು.

“ಅಜ್ಜಾ, ನಿಮ್ಮದು ಆರಾಧನೆನಾ, ನಿದ್ದೆನಾ?”

“ನಿಂದೇನಮ್ಮಾ, ತಗಡು ಬಡಿಯೋ ಕೆಲಸಾನಾ?”

ಈ ಮನೆಯಲ್ಲಿ ತಾವು ಯಾವ ಒಡಕನ್ನು ಕಂಡಿರೋ ನನಗೆ ಗೊತ್ತಿಲ್ಲ.

ಅಪ್ಪ ಹತ್ತಿ ಗಿರಣಿಯಲ್ಲಿ, ಮಗ್ಗಗಳ ನಡುವೆ ಆಯುಷ್ಯ ಸವೆಸಿದವರು. ಅವರು ಗಿರಣಿ ಬಿಟ್ಟರೂ ಗಿರಣಿ ಅವರ ಕಿವಿಯನ್ನು ಬಿಡಲಿಲ್ಲ. ಹಗಲಿರುಳೂ ಕಿವಿಯೊಳಗೆ ಜೀಂ ಎನ್ನುತ್ತಲೇ ಇರುತ್ತದೆ. “ಅದೊಂದೇ ಇದ್ರೆ ಅದರ ಜೊತೆಗೇ ಕೂತು ಪ್ರಾರ್ಥನೆ ಮಾಡ್ತೀನಿ. ಅದರ ಮೇಲೆ ಸ್ಪೀಕರ್ ಸದ್ದು ಬಿದ್ರೆ ತಲೆಯೊಳಗೆ ಕಬ್ಬಿಣ ಕೊಯ್ದ ಹಾಗಾಗುತ್ತೆ” ಎನ್ನುತ್ತಾರೆ. ಇದನ್ನು ತಮಗೆ ತಿಳಿಸಿದಾಗ ತಾವು ಕೊಟ್ಟ ಪರಿಹಾರ ನೆನಪಿದೆಯೇ? “ಕಿವಿಗೆ ಸ್ವಲ್ಪ ಹತ್ತಿ ಇಟ್ಕೊಳ್ಳೋಕೆ ಹೇಳಿ ಸಿಸ್ಟರ್.” ಹೇಳಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಜೀವಮಾನವೆಲ್ಲ ಹತ್ತಿ ಜೊತೇಲೇ ಇದ್ದೆ. ಕಿವಿ ಕೆಡಿಸಿದ್ದೇ ಅದು ಅಂತ ಅವರಿಗೆ ಹೇಳಮ್ಮಾ.” ಈಗ ಹೇಳಿದ್ದೇನೆ.

ಆದರೂ ಹತ್ತು ಗಂಟೆಯ ಹೊಸ ಆರಾಧನೆಗೆ ಅಪ್ಪ ಮನಸ್ಸಿಟ್ಟೇ ಬಂದರು. ಯಾರಿಗೂ ಬೇಸರವಾಗಬಾರದೆಂದು ಮಂಡಳಿ ಎಲ್ಲರಿಗೂ ಒಂದೊಂದು ಪಾಲು ಹಂಚಿತ್ತು. ಆರ್ಗನ್‌ಗೆ ಕೀರ್ತನೆಯ ಮೊದಲ ಮತ್ತು ಕೊನೆಯ ಚರಣ. ಡ್ರಮ್‌ಗೆ ಕಂಬಳಿ ಹೊದಿಸಿದ್ದರು. ನನ್ನ ಮಗಳು ಬಾರಿಸುತ್ತಿದ್ದರೆ ಯಾರೋ ಹಾಸಿಗೆ ಕೊಡವಿದಂತೆ ಕೇಳುತ್ತಿತ್ತು. ಇನ್ನು ಏಳು ಗಂಟೆಯವರ ಪಾಲಿಗೆ, ಪ್ರಕಟಣೆಗಳಿಗೂ ಕಾಣಿಕೆಗೂ ನಡುವೆ, ‘ಮೌನ’. ಅಪ್ಪ ಅದಕ್ಕಾಗಿಯೇ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಕಾದರು. ನಿರೂಪಕರು ಮೈಕಿನಲ್ಲಿ, “ಈಗ ನಾವೆಲ್ಲ ಮೌನವಾಗಿರೋಣ” ಎಂದರು. ಅಪ್ಪ ಕೈ ಇಳಿಸಿದರು. ಆಗ ಕೀಬೋರ್ಡ್ ಶುರುವಾಯಿತು.

ಮೌನಕ್ಕೆ ಹಿನ್ನೆಲೆ ಸಂಗೀತ! ಸಾಲದ್ದಕ್ಕೆ ನಿರೂಪಕರ ಇಂಪಾದ ದನಿ: “ಮೌನವನ್ನು ಅನುಭವಿಸಿ... ಇನ್ನೂ ಆಳಕ್ಕೆ ಹೋಗಿ...” ಹೋಗುವುದಾದರೂ ಹೇಗೆ ಮಾನ್ಯರೇ, ಮಾತು ಹಿಂದೆಯೇ ಬರುತ್ತಿದ್ದರೆ? ಒಂದು ಗಳಿಗೆ ನಾವು ನಿಜವಾಗಿಯೂ ಸುಮ್ಮನಿದ್ದುಬಿಟ್ಟರೆ ಏನಾದೀತೆಂದು ಮಂಡಳಿಗೆ ಭಯವಾಯಿತು? ದೇವರೇನಾದರೂ ಮಾತಾಡಿಬಿಟ್ಟಾನೆಂದೇ?

ಅಪ್ಪ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಸ್ವಾಗತ ತಂಡದವರೊಬ್ಬರು ನಗುಮೊಗದಿಂದಲೇ ಓಡಿಬಂದರು. “ಅಜ್ಜಾ, ಒಳಗೆ ಬನ್ನಿ. ನಮ್ಮಲ್ಲಿ ಎಲ್ಲರಿಗೂ ಸ್ವಾಗತ!”

“ಕೇಳಿಸ್ತಾ ಇದೆಯಪ್ಪಾ, ಬೀದಿ ಕೊನೆವರೆಗೂ ಕೇಳಿಸ್ತಾ ಇದೆ. ಅದೇ ತೊಂದರೆ ಆಗಿರೋದು.”

ಅಂದಿನಿಂದ ಅವರು ಚರ್ಚಿಗೆ ಬಂದಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿನ ಲಾಡಿ ಬಿಗಿದು, ನಡುಮನೆಯ ಕುರ್ಚಿಯಲ್ಲಿ ಕೂರುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಅವರು ನಾಲ್ಕು ಜನರ ನಡುವೆ ಕೂರುತ್ತಿದ್ದುದು ಆ ಏಳು ಗಂಟೆಯ ಹೊತ್ತಿನಲ್ಲಿ ಮಾತ್ರ. “ಮನೆಯಲ್ಲೇ ಸುಮ್ಮನೆ ಕೂತು ಪ್ರಾರ್ಥನೆ ಮಾಡಬಹುದಲ್ಲ ಅಪ್ಪಾ?” ಎಂದು ಕೇಳಿದೆ. “ಇಲ್ಲಿ ಸುಮ್ನೆ ಕೂತ್ರೆ ನಾನೊಬ್ಬ ಮುದುಕ, ಅಷ್ಟೆ. ಅಲ್ಲಾದ್ರೆ ಪಕ್ಕದಲ್ಲಿರೋರು ಉಸಿರಾಡೋದು ಗೊತ್ತಾಗುತ್ತೆ” ಎಂದರು.

ನಾನು ನನ್ನನ್ನೂ ಪ್ರಶ್ನಿಸಿಕೊಂಡಿದ್ದೇನೆ. ಆರಾಧನೆಯೆಂದರೆ ಅವರವರ ರುಚಿಗೆ ತಕ್ಕಂತೆ ಬಡಿಸುವ ಊಟವೇ? ನನಗೆ ಹಿಡಿಸದ ಹಾಡನ್ನು ಪಕ್ಕದವರಿಗಾಗಿ ಹಾಡುವುದೂ ಭಕ್ತಿಯಲ್ಲವೇ? ತಮ್ಮ ವಾದದಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯಲಾರೆ. ಒಂಬತ್ತು ಗಂಟೆಯವಳಾದ ನಾನು ಏಳು ಗಂಟೆಯವರ ಪರ ವಾದಿಸುತ್ತಿರುವುದು ಬರೀ ಅಪ್ಪನ ಮೇಲಿನ ಮಮತೆಯಿಂದಲೂ ಇರಬಹುದು. ಇರಲಿ. ಆರ್ಗನ್ ಹೋದರೆ ನನಗೆ ಬೇಸರ, ಗೊಣಗಿಕೊಂಡಾದರೂ ಹತ್ತಕ್ಕೆ ಬರಬಲ್ಲೆ. ಅಪ್ಪನಿಗೆ ಬರಲು ಆಗುವುದೇ ಇಲ್ಲ. ನನ್ನ ಬೇಸರವನ್ನೂ ಅವರ ಅಸಹಾಯಕತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು, ‘ಎಲ್ಲರೂ ಸ್ವಲ್ಪ ಹೊಂದಿಕೊಳ್ಳಬೇಕು’ ಎಂದಿರಿ. ಅಪ್ಪ ಹೊಂದಿಕೊಳ್ಳಬೇಕಾದದ್ದು ಯಾವುದಕ್ಕೆ? ಮೆಟ್ಟಿಲಿಗೆ? ‘ಏಳಕ್ಕೆ ಕೆಲವೇ ಜನ ಬರುತ್ತಿದ್ದರು’ ಎಂಬುದು ತಮ್ಮ ಇನ್ನೊಂದು ಕಾರಣ. ತಪ್ಪಿಹೋದ ಒಂದೇ ಒಂದು ಕುರಿಗಾಗಿ ಕುರುಬ ಬೆಟ್ಟ ಹತ್ತಿದ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವ ಸಭೆ ಆಡುವ ಮಾತೇ ಇದು? ನಮ್ಮ ಕುರಿ ತಪ್ಪಿಹೋಗಿಯೂ ಇಲ್ಲ. ಬೂಟು ಹಾಕಿಕೊಂಡು ತಯಾರಾಗಿ ಕೂತಿದೆ.

ಆದ್ದರಿಂದ ಏಳು ಗಂಟೆಯ ಆರಾಧನೆಯನ್ನು ಹಿಂದಿರುಗಿಸಿ. ಸಭಾಪಾಲಕರಿಗೆ ದಣಿವಾಗುತ್ತದೆ ಎಂದಾದರೆ ಸತ್ಯವೇದವನ್ನು ನಾವೇ ಸರದಿಯಂತೆ ಓದಿಕೊಳ್ಳುತ್ತೇವೆ. ತಮ್ಮ ಉತ್ತರ ಬರಲಿ, ಬಿಡಲಿ, ಬರುವ ಭಾನುವಾರ ಏಳಕ್ಕೆ ನಾವು ಬರುತ್ತೇವೆ. ಬಾಗಿಲು ತೆರೆದಿದ್ದರೆ ಒಳಗೆ ಕೂರುತ್ತೇವೆ, ಬೀಗ ಹಾಕಿದ್ದರೆ ಅಂಗಳದಲ್ಲಿ. ಸಂಜೆಯ ಗಿಟಾರ್-ಡ್ರಮ್ಮಿನ ತಂಡವೂ ಬರುತ್ತದಂತೆ, ಬರಿಗೈಯಲ್ಲಿ.

“ನಾನು ಒಂಚೂರೂ ಸದ್ದು ಮಾಡಲ್ಲ ಅಜ್ಜಾ” ಎಂದಳು ಮಗಳು.

“ನೀನಾ? ಊಟದ ತಟ್ಟೇನೂ ಬಡೀದೆ ಬಿಡಲ್ಲ ನೀನು.”

“ಕೈ ಕಟ್ಕೊಂಡು ಕೂರ್ತೀನಿ ಬಿಡಿ.”

“ನನ್ನ ಪಕ್ಕಾನೇ ಕೂತ್ಕೋ. ನೋಡೇಬಿಡೋಣ” ಎಂದರು ಅಪ್ಪ.

ನಮ್ಮನ್ನು ಅಲ್ಲಿಂದ ಎಬ್ಬಿಸಬೇಕೆಂದು ಅನ್ನಿಸಿದರೆ ತಾವೇ ಖುದ್ದಾಗಿ ಬರಬೇಕು, ಅಧ್ಯಕ್ಷರೇ. ಬಂದವರು ದಯವಿಟ್ಟು ಮೆಲ್ಲಗೆ ಮಾತಾಡಿ. ನಾವು ಪ್ರಾರ್ಥನೆಯಲ್ಲಿರುತ್ತೇವೆ.

ಇಂತಿ,
ಶ್ರುತಿ ಹಿಡಿದು ಹಾಡಲೂ ಬಾರದ, ಬಾಯಿ ಮುಚ್ಚಿಕೊಂಡಿರಲೂ ಆಗದ
ತಮ್ಮದೇ ಸಭೆಯ ಒಬ್ಬ ಸದಸ್ಯೆ