ಮೇಡಂ ಕಿವಿಗೆ ಬಿದ್ದದ್ದು

11 ಫೆಬ್ರವರಿ. ಹಿಂದೂಪುರ

ಇವತ್ತು ಮೂರು ಭಾಷಣ. ಬೆಳಿಗ್ಗೆಯೇ ಉಪ್ಪುನೀರು ಮುಕ್ಕಳಿಸಿದೆ. ಮಾತಾಡುವುದು ಮೇಡಂ, ಕೆಡುವುದು ನನ್ನ ಗಂಟಲು.

ಸಿನಿಮಾದಲ್ಲೂ ಹೀಗೇ. ಕ್ಯಾಮೆರಾ ಪಕ್ಕ ನಿಂತು ನಾನು ಸಾಲು ಹೇಳಬೇಕು. ಸ್ನೇಹಲತಾ ಮೇಡಂ ಅದನ್ನು ಹಿಡಿದು ಅಳಬೇಕು, ನಗಬೇಕು, ವಿಲನ್ ಕಪಾಳಕ್ಕೆ ಬಾರಿಸಬೇಕು. ಬಾಯಿಪಾಠದ ಅಭ್ಯಾಸ ಅವರಿಗಿಲ್ಲ. ಈ ಕೆಲಸಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ. ಡಬ್ಬಿಂಗ್ ಆದಾಗ ನನ್ನ ದನಿ ಅಳಿಸಿಹೋಗುತ್ತದೆ. ಸಂಬಳ ಮಾತ್ರ ಉಳಿಯುತ್ತದೆ, ಅದೂ ಕೆಲವೊಮ್ಮೆ.

ಈಗ ಮೇಡಂ ಕಲ್ಯಾಣದುರ್ಗದ ಉಪಚುನಾವಣೆಗೆ ನಿಂತಿದ್ದಾರೆ. ರೊದ್ದಂ ಕಡೆಯ ಹುಡುಗಿ, ಮನೆಮಾತು ಕನ್ನಡ, ಹೆಸರು ಮಾಡಿದ್ದು ತೆಲುಗು ಸಿನಿಮಾದಲ್ಲಿ. ವೇದಿಕೆಯ ಹಿಂದೆ ವ್ಯಾನು, ವ್ಯಾನಿನೊಳಗೆ ನಾನು. ನನ್ನ ಕೈಯಲ್ಲಿ ಮೈಕು, ಅವರ ಕಿವಿಯಲ್ಲಿ ಕಡಲೆಕಾಳಿನಷ್ಟು ಇಯರ್‌ಪೀಸ್. ಗುಂಡಿ ಒತ್ತಿದರೆ ನಾನು ನಾಯಕಿಯ ಬಾಯಿ. ಬಿಟ್ಟರೆ ಬರೀ ಮರುಳಪ್ಪ.

ಭಾಷಣ ತೆಲುಗು. ನಾನು ಬರೆದುಕೊಳ್ಳುವುದು ಕನ್ನಡ ಅಕ್ಷರದಲ್ಲಿ. ಕನ್ನಡ ಮೀಡಿಯಂ ಬಿ.ಎ.ಗೆ ಅಷ್ಟಾದರೂ ಉಪಯೋಗ ಬೇಡವೇ?

ಜನ ಬಂದರು ಲಾರಿಯಲ್ಲಿ,
ನಾಯಕಿ ಬಂದರು ಸೀರೆಯಲ್ಲಿ,
ಭಾಷಣ ಉಳೀತು ಡೈರಿಯಲ್ಲಿ.

ಇದನ್ನು ಲಕ್ಷ್ಮೀಕಾಂತ್‌ಗೆ ಓದಿ ಹೇಳಬಾರದು. ಅವನು ಪಕ್ಷದ ಇನ್‌ಚಾರ್ಜ್. ಏನು ಹೇಳಿಸಬೇಕು ಎನ್ನುವುದು ಅವನ ಇಲಾಖೆ. ಪ್ರಾಸ ನನ್ನದು.

14 ಫೆಬ್ರವರಿ. ಕಲ್ಯಾಣದುರ್ಗ, ಸಂಜೆ

ಆದದ್ದು ಆದ ಹಾಗೇ ಬರೆದುಬಿಡುತ್ತೇನೆ.

ಭಾಷಣದ ಮಧ್ಯೆ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಹಳ್ಳಿಯಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ ಬೇಕು ಎಂದಳು. ಸಂಜೆ ಬಸ್ಸು ತಪ್ಪಿದರೆ ಹುಡುಗಿ ಎಲ್ಲಿರಬೇಕು? ಮೊಮ್ಮಗಳ ಓದು ನಿಂತಿದೆ. ಜನ ನಕ್ಕರು. ಮೇಡಂ ನಗಲಿಲ್ಲ. ನನ್ನ ಸಾಲಿಗಾಗಿ ಕಾದರು.

ಪಕ್ಕದಲ್ಲಿ ಕೂತಿದ್ದ ಲಕ್ಷ್ಮೀಕಾಂತ್, “ಪರಿಶೀಲಿಸ್ತೀವಿ ಅನ್ಸಯ್ಯ. ಮಾಟ ಮಾತ್ರಂ ಇವ್ವೊದ್ದು” ಅಂದ. ಮಾತು ಮಾತ್ರ ಕೊಡಬಾರದಂತೆ.

ಗುಂಡಿ ಒತ್ತಿ “ಪರಿಶೀಲಿಸ್ತಾಮು” ಅಂದೆ. ಆಮೇಲೆ ಅವನ ಕಡೆ ತಿರುಗಿ, ಸುಮ್ಮನಿರಲಾರದ ನಾಲಗೆ ನೋಡು, “ಪರಿಶೀಲನೆ ಬಿಟ್ರೆ ಬೇರೆ ಪದ ಇಲ್ವಾ ಸಾರ್? ಒಂದು ವರ್ಷದಲ್ಲಿ ಹಾಸ್ಟೆಲ್ ಬರ್ದಿದ್ರೆ ಈ ಕುರ್ಚೀನೇ ನಂಗೆ ಬೇಡ ಅಂತ ಅನ್ಸಿಬಿಡ್ಲಾ?” ಎಂದು ಹಾಸ್ಯ ಮಾಡಿದೆ.

ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಹೊರಗೆ ಸ್ಪೀಕರಿನಲ್ಲಿ ಮೇಡಂ ದನಿ: “ಏಡಾದಿಲೋ ಹಾಸ್ಟಲ್ ರಾಕಪೋತೇ, ಈ ಕುರ್ಚೀ ನಾಕೊದ್ದು!”

ಆಮೇಲೆ ಶಿಳ್ಳೆ, ಕೇಕೆ, ಟವೆಲ್ಲು ಆಕಾಶಕ್ಕೆ. ಲಕ್ಷ್ಮೀಕಾಂತ್ ನನ್ನ ಕಾಲರ್ ಹಿಡಿದ. ಡ್ರೈವರ್ ರುದ್ರೇಶ್ ಬಿಡಿಸಿದ. ಇಲ್ಲದಿದ್ದರೆ ಈ ಪುಟ ಖಾಲಿ ಇರುತ್ತಿತ್ತು.

19 ಫೆಬ್ರವರಿ

ಆ ಸಾಲು ಆಟೋ ಹಿಂದೆ ಬಂದಿದೆ. ಎಲ್ಲರ ಮೊಬೈಲಿನಲ್ಲೂ ಬಂದಿದೆ. ನಾನು ಕಷ್ಟಪಟ್ಟು ಕಟ್ಟಿದ ಪ್ರಾಸವೊಂದೂ ಯಾರಿಗೂ ನೆನಪಿಲ್ಲ.

ಮೇಡಂ ಬೈದಿಲ್ಲ. ಕೇಳಿಯೂ ಇಲ್ಲ. ಅದೇ ಭಯ.

3 ಮಾರ್ಚ್

ಗೆದ್ದರು. ಭಾರೀ ಅಂತರ.

ಲಕ್ಷ್ಮೀಕಾಂತ್ ನನಗೂ ಲಾಡು ಕೊಟ್ಟ. “ನಿನ್ನ ಹೆಬ್ಬೆಟ್ಟು ಗೆಲ್ಲಿಸ್ತು ಕಣಯ್ಯ,” ಅಂದ. ನಗುತ್ತಲೇ ಅಂದ. ಕಣ್ಣು ನಗಲಿಲ್ಲ.

22 ಜೂನ್

ಮಂತ್ರಿ! ಹಿಂದೂಪುರದ ಮನೆ ಮುಂದೆ ಪೊಲೀಸ್ ಜೀಪು. ಹುಣಸೆಹಣ್ಣಿನ ಮಂಡಿಯವರೆಲ್ಲ ಹಾರ ಹಿಡಿದು ಸಾಲು ನಿಂತಿದ್ದರು. ಮೇಡಂ ಮೈಯೆಲ್ಲ ಚೆಂಡುಹೂವು, ಮೂಗಿಗೆಲ್ಲ ಹುಳಿವಾಸನೆ. ಮೊದಲ ಆದೇಶದಲ್ಲೇ ಹಾಸ್ಟೆಲ್ಲಿಗೆ ಜಾಗ ಗುರುತಿಸಲು ಹೇಳಿದರು. ಕಲ್ಯಾಣದುರ್ಗದ ಊರಾಚೆ, ರಸ್ತೆ ಬದಿ. ಚೆನ್ನಾಗಿದೆ.

9 ನವೆಂಬರ್

ಚೆನ್ನಾಗಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಜಾಗದಲ್ಲೀಗ ಸೈಟು ಮಾರುವ ಲೇಔಟಿನ ಬೋರ್ಡು. ಯಾರದೆಂದು ಯಾರಿಗೂ ಗೊತ್ತಿಲ್ಲ. ಹಾಸ್ಟೆಲ್ ಫೈಲು ‘ಮೇಲಕ್ಕೆ ಹೋಗಿದೆ’. ಎಷ್ಟು ಮೇಲಕ್ಕೆ? ದೇವರಿಗೆ ಗೊತ್ತು, ಬಹುಶಃ ಅವನ ಟೇಬಲ್ಲಿನ ಮೇಲೇ ಇದೆ.

ಮೇಡಂ ಕೇಳಿದಾಗಲೆಲ್ಲ ಲಕ್ಷ್ಮೀಕಾಂತ್, “ನೇನು ಚೂಸ್ಕುಂಟಾ ಮೇಡಂ” ಎನ್ನುತ್ತಾನೆ. ನೋಡಿಕೊಳ್ಳುತ್ತಾನಂತೆ. ನೋಡಿಕೊಳ್ಳುತ್ತಲೇ ಇದ್ದಾನೆ.

20 ಜನವರಿ. ಹಿಂದೂಪುರ

ಆ ಮುದುಕಿ ಬಂದಳು. ವೀರಭದ್ರಮ್ಮ. ಮೂರು ಬಸ್ಸು ಬದಲಾಯಿಸಿ, ಮೊಮ್ಮಗಳು ರಶ್ಮಿಯನ್ನು ಕರೆದುಕೊಂಡು. ಪೊಲೀಸರು ಗೇಟಿನಲ್ಲಿ ತಡೆದರು. ಮೇಡಂ ತಾವೇ ಹೊರಗೆ ಬಂದರು.

“ಏನವ್ವ, ಊಟ ಆಯ್ತಾ?”

“ಊಟಕ್ಕೆ ಬಂದಿಲ್ಲ ಕಣಮ್ಮ. ಕುರ್ಚಿ ಬ್ಯಾಡ ಅಂದ್ಬುಟ್ಟೆಲ್ಲ, ಅದ್ನ ಕೇಳಾಕೆ ಬಂದಿವ್ನಿ. ಸೋಮಂದೇಪಲ್ಲಿ ಗಂಡು, ಒಳ್ಳೆ ಮನೆ. ನಿನ್ನ ಮಾತು ಕೇಳಿ ಒಂದು ವರ್ಷ ತಡೀರಿ ಅಂತ ಬೀಗರ ಕೈಕಾಲು ಹಿಡ್ದಿವ್ನಿ. ಈಗ ಅವ್ರು ಶಿವರಾತ್ರಿ ಕಳೀಲಿ, ಲಗ್ನ ಇಕ್ಕುಸಾನ ಅಂತವ್ರೆ. ಏನ್ ಹೇಳ್ಲಿ?”

“ನೀನು ಓದ್ತೀಯೇನಮ್ಮ?” ಮೇಡಂ ಹುಡುಗಿಯನ್ನು ಕೇಳಿದರು.

“ಬಿ.ಎಸ್ಸಿ. ಮುಗುಸ್ತೀನಿ ಮೇಡಂ. ಬಸ್ಸಿನ ಟೈಮಿಗೆ ಲ್ಯಾಬು ಬಿಡಲ್ಲ, ಅಷ್ಟೇ.”

“ಸಿನಿಮಾದೋರ ಮಾತು ನಂಬ್ಯಾಡ ಅಂತ ಊರೆಲ್ಲ ಅಂದ್ರು,” ಮುದುಕಿ ಸೆರಗು ಕೊಡವಿದಳು. “ನಂಬ್ಬುಟ್ಟೆ. ಹೋಯ್ತೀನಿ. ಮುಂದಿನ ತಿಂಗ್ಳು ಹದಿನಾಲ್ಕಕ್ಕೆ ವರ್ಷ ತುಂಬ್ತದೆ, ಮೈದಾನಕ್ಕೇ ಬತ್ತೀನಿ.”

ಮೇಡಂ ಗೇಟಿನಲ್ಲೇ ನಿಂತಿದ್ದರು. ಮುಂದಿನ ಸಾಲು ಹೇಳಲು ನಾನು ಪಕ್ಕದಲ್ಲಿರಲಿಲ್ಲ, ಜಗಲಿಯಲ್ಲಿ ನಿಂತು ಕೇಳುತ್ತಿದ್ದೆ. ಪಕ್ಕದಲ್ಲಿ ಇದ್ದಿದ್ದರೂ ನನ್ನ ಹತ್ತಿರ ಸಾಲಿರಲಿಲ್ಲ.

2 ಫೆಬ್ರವರಿ. ಕಾರಿನಲ್ಲಿ

ಪೆನುಕೊಂಡ ದಾಟಿದ ಮೇಲೆ ತಡೆಯಲಾಗಲಿಲ್ಲ. ಕೇಳಿದೆ. “ಮೇಡಂ, ಅವತ್ತು ನನ್ನಿಂದ ತಪ್ಪಾಯ್ತು. ಗುಂಡಿ ಬಿಟ್ಟಿರ್ಲಿಲ್ಲ. ಆಸ್ ಇಟ್ ಈಸ್ ಅಂದ್ಬಿಟ್ರಿ.”

“ಅಯ್ಯೋ ಮರುಳಣ್ಣ,” ನಕ್ಕರು. “ಇಷ್ಟು ವರ್ಷ ಸೆಟ್ಟಲ್ಲಿ ನಿನ್ನ ಕೆಮ್ಮು, ನಿನ್ನ ಟೀ ಆರ್ಡರು, ನಿನ್ನ ಹೆಂಡ್ತಿ ಫೋನು... ಎಲ್ಲ ಕಿವಿಗೆ ಬಿದ್ದೈತೆ. ಯಾವತ್ತಾರ ನನ್ನ ಬಾಯಿಗೆ ಬಂದೈತಾ?”

ಇಲ್ಲ ಎಂದು ತಲೆಯಾಡಿಸಿದೆ.

“ನೀನು ಅಂದಿದ್ದು ಕನ್ನಡದಾಗೆ. ನಾನು ಅಂದಿದ್ದು ತೆಲುಗಿನಾಗೆ. ಗಿಳಿ ಹಂಗಾ ಮಾಡ್ತದೆ?”

ಬಿ.ಎ. ಮಾಡಿದ್ದೇನೆ. ಇದು ಹೊಳೆದಿರಲಿಲ್ಲ.

“ಹಂಗಾದ್ರೆ ಹದಿನಾಲ್ಕಕ್ಕೆ?”

ಅವರು ಕಿಟಕಿ ಕಡೆ ತಿರುಗಿದರು. “ಕುರ್ಚಿ ಬಿಡಾದು ಸುಲಭ ಕಣಣ್ಣ. ಬಿಟ್ಮ್ಯಾಲೆ ಹಾಸ್ಟೆಲ್ ಯಾರು ಕಟ್ತಾರೆ? ಹಿಡ್ಕೊಂಡ್ರೆ ಆ ಮುದುಕಿ ಮುಖ ಹೆಂಗೆ ನೋಡ್ಲಿ? ಅದೇ ತಿಳೀವಲ್ದು.”

13 ಫೆಬ್ರವರಿ

ಲಕ್ಷ್ಮೀಕಾಂತ್ ನಾಳೆಯ ಭಾಷಣ ತಂದ. ‘ಸಾಂಕೇತಿಕ ಕಾರಣಗಳಿಂದ ವಿಳಂಬ’ ಎಂದು ಮೊದಲ ಸಾಲು. ತೆಲುಗಿನಲ್ಲಿ ಹಾಗೆಂದರೆ ತಾಂತ್ರಿಕ, ಕನ್ನಡದ ಕಿವಿಗೆ ಬರೀ ಸಂಕೇತ. ಬೇರೆ ಪದ ಸೂಚಿಸಲಿಲ್ಲ, ಏಕೆಂದರೆ ನನ್ನನ್ನು ಕೇಳಲೇ ಇಲ್ಲ. “ರೇಪು ಮೈಕು ನಾದಗ್ಗರ,” ಅಂದ. ನಾಳೆ ಮೈಕು ಅವನ ಹತ್ತಿರವಂತೆ. “ನೀನು ವ್ಯಾನಲ್ಲಿ ಕೂತಿರು. ಬಾಯಿ ಮುಚ್ಕೊಂಡು.”

ರಾಜೀನಾಮೆ ಎಂಬ ಪದ ಮೇಡಂ ಬಾಯಿಂದ ಬಂದರೆ ನನ್ನ ಕಾಲು ಮುರಿಯುತ್ತಾನಂತೆ. ಬಾಯಿ ಅವರದು, ಕಾಲು ನನ್ನದು. ಹಳೇ ಲೆಕ್ಕವೇ.

14 ಫೆಬ್ರವರಿ. ಕಲ್ಯಾಣದುರ್ಗ, ಮಧ್ಯಾಹ್ನ 3.30. ವ್ಯಾನು

ಮೈದಾನ ತುಂಬಿದೆ. ಈ ಸಲ ಲಾರಿ ಕಳಿಸಿರಲಿಲ್ಲ. ತಾವೇ ಬಂದಿದ್ದಾರೆ. ಮೊದಲ ಸಾಲಿನಲ್ಲಿ ವೀರಭದ್ರಮ್ಮ, ಪಕ್ಕದಲ್ಲಿ ರಶ್ಮಿ.

ಲಕ್ಷ್ಮೀಕಾಂತ್ ಮೈಕನ್ನು ಕತ್ತು ಹಿಸುಕುವ ಹಾಗೆ ಹಿಡಿದಿದ್ದಾನೆ. ಅಂಗಿ ಬೆನ್ನು ಪೂರ್ತಿ ಒದ್ದೆ. ಮೇಡಂ ವೇದಿಕೆ ಹತ್ತಿದರು.

ಸಂಜೆ 5.00

ಬರೆಯಬೇಕು. ಬೇಗ.

ಮೇಡಂ ಶುರುಮಾಡಿದರು. ಅವನು ಒಂದು ಸಾಲು, ಅವರು ಒಂದು ಸಾಲು. ವಿಳಂಬ, ಪರಿಶೀಲನೆ, ಸರ್ಕಾರದ ಬದ್ಧತೆ. ಜನ ಗೊಣಗಲು ಶುರುಮಾಡಿದರು. ಅಷ್ಟರಲ್ಲಿ ಅವನ ಇನ್ನೊಂದು ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಎತ್ತಿದ. ಮೈಕಿನ ಗುಂಡಿ ಬಿಡಲಿಲ್ಲ.

ನಾನು ನೋಡಿದೆ. ಅವನ ಹೆಬ್ಬೆರಳು, ಉರಿಯುತ್ತಿರುವ ಕೆಂಪು ದೀಪ. ಹೇಳಬಹುದಿತ್ತು. ಬಾಯಿ ಮುಚ್ಕೊಂಡು ಕೂತಿರು ಎಂದವನು ಅವನೇ. ಕೂತಿದ್ದೆ.

“ಬಾವಾ, ಪೇಪರ್‌ವಾಳ್ಳು ಒಚ್ಚಾರಾ? ಆ ಲೇಔಟ್ ಬೋರ್ಡು ತೀಸೇಯ್! ಹಾಸ್ಟಲ್ ಜಾಗಾ ಮನದೇ ಅನಿ ಮೇಡಮ್‌ಕಿ ತೆಲೀದು!”

ಭಾವಾ, ಪತ್ರಿಕೆಯವರು ಅಲ್ಲಿಗೆ ಬಂದರಾ? ಬೋರ್ಡು ಕಿತ್ತುಹಾಕು. ಜಾಗ ನಮ್ಮದೇ ಎಂದು ಮೇಡಂಗೆ ಗೊತ್ತಿಲ್ಲ.

ಸ್ಪೀಕರಿನಲ್ಲಿ ಮೇಡಂ ದನಿ, ಒಂದೂ ಅಕ್ಷರ ಬಿಡದೆ, ಅದೇ ಅವಸರ, ಅದೇ ಬೆವರು, “ಬಾವಾ” ಎಂಬಲ್ಲಿ ಅದೇ ಪ್ರೀತಿ. ಇಡೀ ಮೈದಾನ ಕೇಳಿತು. ಆ ಭಾವನೂ ಫೋನಿನಲ್ಲೇ ಕೇಳಿರಬೇಕು.

ಕೊನೆಗೆ ಮೇಡಂ ಕೇಳಿದರು: “ಲಕ್ಷ್ಮೀಕಾಂತ್‌ಗಾರೂ, ತರುವಾತಿ ಲೈನು?” ಮುಂದಿನ ಸಾಲು?

ಮುಂದಿನ ಸಾಲು ವ್ಯಾನಿನ ಹಿಂಬಾಗಿಲಿನಿಂದ ಇಳಿದು ಓಡಿತು.

ಆಮೇಲೆ ಅವರು ಮಾತಾಡಿದ್ದು ಅವರದೇ ತೆಲುಗಿನಲ್ಲಿ. ಕನ್ನಡ ಇಣುಕುವ, ಅಲ್ಲಲ್ಲಿ ತಡವರಿಸುವ, ಡಬ್ಬಿಂಗ್ ಇಲ್ಲದ ತೆಲುಗು. ಮಾತು ಕೊಟ್ಟವಳು ನಾನು, ಹಾಸ್ಟೆಲ್ ಬಂದಿಲ್ಲ, ಈ ಹೊತ್ತಿನಿಂದ ನಾನು ಮಂತ್ರಿಯಲ್ಲ. ಅಷ್ಟೇ. ಪ್ರಾಸವೂ ಇಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ.

5.40. ವ್ಯಾನು

ಹೊರಡಲು ಆಗುತ್ತಿಲ್ಲ. ಹಾಸ್ಟೆಲ್ ಜಾಗ ಬಿಡಿಸುವವರೆಗೆ ಏಳುವುದಿಲ್ಲವೆಂದು ಜನ ರಸ್ತೆಯಲ್ಲೇ ಕೂತುಬಿಟ್ಟಿದ್ದಾರೆ, ಹೆಂಗಸರು ಮುಂದೆ. ಡಿ.ಎಸ್.ಪಿ. ಕೈಮುಗಿದು ಹೋದರು. ರುದ್ರೇಶ್ ಇಂಜಿನ್ ಆರಿಸಿದ. ಮೇಡಂ, ವೀರಭದ್ರಮ್ಮ, ರಶ್ಮಿ ಒಳಗಿದ್ದಾರೆ.

“ಕುರ್ಚಿ ಬಿಟ್ಬುಟ್ಟೆಲ್ಲ ತಾಯಿ,” ಮುದುಕಿ ಕಣ್ಣೊರೆಸಿಕೊಂಡಳು. “ನಂಗೆ ಬೇಕಾಗಿದ್ದು ಹಾಸ್ಟೆಲ್ಲು ಕಣೇ.”

“ನಂಗೂ ಅದೇ ಕಣವ್ವ.”

ಫೋನು. ರಾಜಧಾನಿಯಿಂದ, ದೊಡ್ಡವರೇ, ಮುಖ್ಯಮಂತ್ರಿ. ಮೇಡಂ ಸ್ಪೀಕರ್ ಹಾಕಿದರು. ನನ್ನ ಬಾಯಿಗೆ ಕೆಲಸವಿಲ್ಲ, ಅದಕ್ಕೇ ಕೈಗೆ ಕೊಟ್ಟಿದ್ದೇನೆ. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ಪಕ್ಷದ ಮಾನ ಹೋಯಿತಂತೆ. ಆವೇಶದಲ್ಲಿ ಬಾಯಿತಪ್ಪಿ ಬಂತು ಎಂದು ಈಗಲೇ ಹೇಳಿಕೆ ಕೊಡಬೇಕಂತೆ. ಹೊರಗೆ ಎಷ್ಟು ಜನ ಎಂದು ಕೇಳುತ್ತಿದ್ದಾರೆ. ಮೇಡಂ ಕಿಟಕಿ ಇಳಿಸಿದರು. ಆ ಗದ್ದಲವೇ ಉತ್ತರ.

ಅಭ್ಯಾಸಬಲ, ಒಂದು ಒಳ್ಳೆಯ ಸಾಲು ಪಿಸುಗುಟ್ಟಲು ಬಗ್ಗಿದೆ. ಮೇಡಂ ಬೆರಳೆತ್ತಿದರು. ನಿಲ್ಲಿಸಿದೆ.

“ಬಾಯಿತಪ್ಪಿ ಬಂದಿದ್ದಲ್ಲ ಸಾರ್,” ತೆಲುಗಿನಲ್ಲಿ, ಮೆಲ್ಲಗೆ. “ಆ ಜಾಗ ಹಾಸ್ಟೆಲ್ಲಿಗೆ ಅಂತ ಆರ್ಡರ್ ಇವತ್ತೇ ಆಗ್ಲಿ. ಆರ್ಡರ್ ನಂಬರ್ ಹೇಳಿ, ಇಲ್ಲೇ ಓದಿ ಹೇಳ್ತೀನಿ. ಜನ ಏಳ್ತಾರೆ.”

ಆ ಕಡೆ ಯಾರನ್ನೋ ಕರೆಯುತ್ತಿದ್ದಾರೆ. ಕಾಗದದ ಸದ್ದು. ರಶ್ಮಿ ಅಜ್ಜಿಯ ಕೈ ಹಿಡಿದಿದ್ದಾಳೆ.

“ಸರೇನಮ್ಮಾ,” ಅಂದರು ದೊಡ್ಡವರು. “ರಾಸುಕೋಂಡಿ.” ಬರೆದುಕೊಳ್ಳಿ.

ಮೇಡಂ ನನ್ನತ್ತ ಕೈ ಚಾಚಿದ್ದಾರೆ. ಪೆನ್ನು ಬೇಕಂತೆ. ವ್ಯಾನಿನಲ್ಲಿರುವುದು ಇದೊಂದೇ, ಕೊಡು