ಪಟ್ಟೆ ಬಳಿದ ಕಲ್ಲು

ತಂಗ್ಯವ್ವ ಮಾದೇವಿ, ನಿನ್ನಕ್ಕ ಸುಬ್ಬಮ್ಮ ಫ್ರಾನ್ಸ್ ದೇಶದಿಂದ ಬರೀತಾ ಇದೀನಿ. ನಮ್ಮ ಕೋಲಾಟದ ಮೇಳದೋರೆಲ್ಲ ಚೆನ್ನಾಗಿದೀವಿ.

ನೆನ್ನೆ ಕುಣಿತಕ್ಕೆ ರಜ. ಕ್ಲೇರ್ ಅನ್ನೋ ಇಲ್ಲಿನ ಹುಡುಗಿ ಗುಡ್ಡ ತೋರ್ಸಕ್ಕೆ ಕರ್ಕೊಂಡು ಹೋದ್ಲು. ಕಾಡು ಅಂದ್ರೆ ಕುಳ್ಳು ಮರ, ಒಣಗಿದ ಸೊಪ್ಪಿನ ಘಮ, ದೂರದಲ್ಲಿ ಸಮುದ್ರ. ದಾರೀಲಿ ಅಲ್ಲಲ್ಲಿ ಕಲ್ಲಿಗೆ ಬಿಳಿ ಕೆಂಪು ಪಟ್ಟೆ ಬಳಿದಿದ್ರು, ನಮ್ಮೂರ ಗುಡಿ ಗೋಡೆಗೆ ಸುಣ್ಣ ಕೆಮ್ಮಣ್ಣು ಬಳಿದಂಗೇ. ನಾನು ಕಂಡಕಂಡ ಕಲ್ಲಿನ ಮುಂದೆ ಚಪ್ಲಿ ಬಿಟ್ಟು, ಹೂವಿಟ್ಟು ಕೈ ಮುಗಿದೆ. ಅದು ದೇವ್ರಲ್ಲ, ನಡೆಯೋರಿಗೆ ದಾರಿ ಗುರುತು ಅಂತ ಕ್ಲೇರ್ ಆಮೇಲೆ ಹೇಳಿದ್ಲು. ನಿನ್ನ ಭಾವ ಹೊಟ್ಟೆ ಹಿಡ್ಕೊಂಡು ನಕ್ರು. "ಲೇ, ಊರಿಗೆ ಹೋದ್ಮೇಲೆ ಮೈಲಿಗಲ್ಲಿಗೂ ಮಂಗಳಾರತಿ ಎತ್ತು" ಅಂದ್ರು. "ನಂಗೆ ಯಾವ ಗುರುತೂ ಬ್ಯಾಡ, ಸೂರ್ಯನ್ನ ನೋಡ್ಕೊಂಡೇ ಹೋಯ್ತೀನಿ ಕಣ" ಅಂತ ಅಡ್ಡದಾರಿ ಹಿಡಿದೋರು ಹೊತ್ತು ಇಳಿದ್ರೂ ಬರ್ಲಿಲ್ಲ. ಎಲ್ರೂ ಕೂಗ್ಕೊಂಡು ಹುಡುಕಿದ್ವಿ.

ಮೊದ್ಲು ಕಂಡೋಳು ನಾನೇ. ಹಳ್ಳದ ಪಕ್ಕ ಒಂದು ಪಟ್ಟೆ ಕಲ್ಲು. ಅದ್ರ ಮುಂದೆ ಚಪ್ಲಿ ಬಿಟ್ಟು, ಕೈ ಮುಗ್ಕೊಂಡು ಕೂತಿದ್ರು. ನಾನು ನಾಕು ಹೆಜ್ಜೆ ಹಿಂದಕ್ಕೆ ಸರಿದು ಜೋರಾಗಿ ಕೆಮ್ಮಿದೆ. ನಾವು ಹತ್ರ ಹೋಗೋ ಹೊತ್ಗೆ ಚಪ್ಲಿ ಕಾಲಲ್ಲಿತ್ತು.

ಹೊಳೆನರಸೀಪುರದ ಡಾಕ್ಟ್ರು ಕೊಟ್ಟ ಮಾತ್ರೇಲಿ ಮಂಡಿ ನೋವು ಕಮ್ಮಿಯಾಗಿದೆ. ಇಲ್ಲಿನ ಬ್ರೆಡ್ಡು ಸೌದೆ ಇದ್ದಂಗೆ, ವಸಡೆಲ್ಲ ಕಿತ್ತೋಯ್ತು. ನಮ್ಮೆಮ್ಮೆಗೆ ಹಿಂಡಿ ಮರೀಬ್ಯಾಡ.

ಜಾಗ ಮುಗೀತು. ಈ ಕಾರ್ಡ್ ಅಂಚೆ ಡಬ್ಬಕ್ಕೆ ಹಾಕೋರು ನಿನ್ನ ಭಾವನೇ. ಓದ್ಕೊಂಡ್ರೆ ಓದ್ಕೊಳ್ಲಿ.