ಪ್ರಸಾದದ ಡಬ್ಬಿಯಲ್ಲಿಟ್ಟ ಚೀಟಿ

ನನ್ನ ಸುಮಿತ್ರಕ್ಕನಿಗೆ,

ಶ್ರಾವಣದಲ್ಲಿ ಇಲ್ಲಿ ಜರ್ಮನಿಯ ಬೊಬ್ಲಿಂಗೆನ್ನಿನಲ್ಲಿರುವ ವಿದ್ಯಾ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವಲ್ಲ, ನೆನಪಿದೆಯಾ? ನಾವೆಲ್ಲ ಹರಟುತ್ತಿದ್ದಾಗ ನೀವು ಅಡುಗೆಮನೆಗೆ ಹೋಗಿ, ಮಗು ನೋಡಿಕೊಳ್ಳಲು ಅವರು ಊರಿನಿಂದ ಕರೆತಂದಿದ್ದ ಕಾಶವ್ವನನ್ನು ಮಾತಾಡಿಸಿದಿರಿ. "ಪಾಸ್‌ಪೋರ್ಟ್ ಬಾಯಾರ ಕಪಾಟಿನ್ಯಾಗ ಐತ್ರಿ. ಒಬ್ಬಾಕೀನ ಹೊರಗ ಹ್ವಾದ್ರ ಪೊಲೀಸರು ಹಿಡೀತಾರಂತ," ಅಂದಳಂತೆ. ವಾಪಸ್ ಬರುವಾಗ ಲೋಕಲ್ ರೈಲು ಎಸ್-ಬಾನ್‌ನಲ್ಲಿ ನೀವು ಕೇಳಿದಿರಿ, "ಇದು ಜೀತ ಅಲ್ಲದೆ ಇನ್ನೇನೇ?"

ನೀವು ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಹೆಂಗಸರಿಗೆ ನೆರವಾಗುವ ಕೇಂದ್ರದ ನಂಬರ್ ಕೊಟ್ಟು, "ಕಾಶವ್ವನಿಗೆ ನೀನೇ ಮುಟ್ಟಿಸು" ಎಂದಿರಿ. ವಿದ್ಯಾ ಹೋಳಿಗೆ ಕೊಟ್ಟಿದ್ದ ಡಬ್ಬಿ ನಮ್ಮಲ್ಲೇ ಇತ್ತು. ಅದನ್ನು ಬರಿದಾಗಿ ಹಿಂದಿರುಗಿಸುತ್ತಾರೆಯೇ? ನವರಾತ್ರಿಯ ಪ್ರಸಾದವೆಂದು ಚಕ್ಕುಲಿ ತುಂಬಿ, ಅಡಿಯಲ್ಲಿ ಆ ನಂಬರಿನ ಚೀಟಿ ಇಟ್ಟೆ. ಆ ಮನೆಯಲ್ಲಿ ಡಬ್ಬಿ ತೆಗೆಯುವವಳು, ತೊಳೆಯುವವಳು ಕಾಶವ್ವನೇ ಅಲ್ಲವೇ? ಆದರೆ ಪ್ರಸಾದವನ್ನು ಮನೆಯೊಡತಿಯೇ ಮೊದಲು ದೇವರ ಮುಂದಿಟ್ಟು, ತಾನೇ ಹಂಚುತ್ತಾಳೆ. ಅಂಥ ಮನೆಯಲ್ಲೇ ಬೆಳೆದ ನನಗೆ ಅದು ಹೇಗೆ ಹೊಳೆಯಲಿಲ್ಲವೋ...

ಮರುದಿನ ವಿದ್ಯಾ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಏನ್ರಿ ಎಂ.ಎ. ಮೇಡಂ, ಚಕ್ಕುಲಿ ಜೋಡಿ ಚೀಟೀನೂ ಕರದೀರಿ? ನಿಮ್ಮ ಮನಿಯವ್ರ ನೌಕರಿ ನಮ್ಮವ್ರ ಸಹಿ ಮ್ಯಾಲ ನಿಂತೈತಿ, ವೀಸಾ ನೌಕರಿ ಮ್ಯಾಲ. ನೆನಪಿರಲಿ." ಕಾಶವ್ವ ಮಗುವನ್ನೆತ್ತಿಕೊಂಡು ವಿದ್ಯಾ ಅವರ ಹಿಂದೆ ಪಾರ್ಕಿಗೆ ಬರುವುದೂ ಅಂದಿಗೆ ನಿಂತಿತು. ಆಸ್ಪತ್ರೆಯಲ್ಲಿ ನೀವು ಕೇಳಿದಾಗ "ಮುಟ್ಟಿತು ಅಕ್ಕಾ" ಎಂದೆ. ನೀವು ನೆಮ್ಮದಿಯಿಂದ ಮಗ್ಗುಲಾಗಿ ಮಲಗಿದಿರಿ. ಐದೇ ದಿನಕ್ಕೆ ಹೋಗಿಬಿಟ್ಟಿರಿ. ಸುಳ್ಳನ್ನು ತಿದ್ದಲು ನೀವು ಸಮಯವನ್ನೇ ಕೊಡಲಿಲ್ಲ.

ಇವತ್ತು ಹನ್ನೊಂದಕ್ಕೆ ಬಾಗಿಲು ತೆಗೆದರೆ, ಮನೆಯೊಳಗಿನ ಚಪ್ಪಲಿಯಲ್ಲೇ ಕಾಶವ್ವ! ಒಮ್ಮೆ ಗೌರಿ ಹಬ್ಬಕ್ಕೆ ವಿದ್ಯಾ ಅವರೊಂದಿಗೆ ನಮ್ಮಲ್ಲಿಗೆ ಬಂದಿದ್ದ ದಾರಿಯನ್ನು ನೆನಪಿಟ್ಟುಕೊಂಡಿದ್ದಳು. "ಕಸ ಹಾಕಿ ಬರ್ತೀನಂತ ಬಂದೆ ಅಕ್ಕಾರ. ವಾಪಸ್ ಕಳಸಬ್ಯಾಡ್ರಿ." ನಮ್ಮವರು ಅವಳನ್ನೇ ನೋಡುತ್ತಾ, "ಇನ್ನೊಂದ್ ವರ್ಷ ಆಗಿದ್ರ ನಮಗ ಇಲ್ಲೇ ಕಾಯಂ ವಾಸದ ಪರವಾನಗಿ ಸಿಗ್ತಿತ್ತು," ಎಂದು ಬಾಲ್ಕನಿಗೆ ಹೋಗಿ ನಿಂತರು.

ಕೇಂದ್ರಕ್ಕೆ ಫೋನ್ ಮಾಡಿದೆ. ಎರಡು ಗಂಟೆಗೆ ಬರುತ್ತಾರೆ. ಸಾಕ್ಷಿ ಹೇಳುವವರ ಹೆಸರು ಕೇಳಿದಾಗ ನಾನು ಬಾಲ್ಕನಿಯತ್ತ ನೋಡಿದೆ. ಇವರು ಒಳಗೆ ಬಂದು ಫೋನ್ ಇಸಿದುಕೊಂಡು, ನಮ್ಮಿಬ್ಬರ ಹೆಸರನ್ನೂ ಒಂದೊಂದೇ ಅಕ್ಷರ ಹೇಳಿ ಬರೆಸಿದರು.

ಈಗ ಒಂದೂಕಾಲು. ಕೆಳಗೆ ವಿದ್ಯಾ ಅವರ ಕಾರು ನಿಂತಿದೆ. ಬೆಲ್ ನಿಲ್ಲುತ್ತಲೇ ಇಲ್ಲ. ಕಾಶವ್ವ ಬಚ್ಚಲಲ್ಲಿ ಚಿಲಕ ಹಾಕಿಕೊಂಡಿದ್ದಾಳೆ. ಎರಡಾಗುವವರೆಗೆ ನಾನು ಬಾಗಿಲು ತೆಗೆಯುವುದಿಲ್ಲ, ಅಕ್ಕಾ.